ಎಂಜಿನಿಯರರ ದತ್ತಿ ಮತ್ತು ಅದರ ಫಲ

ದಾನದ ಮಹಿಮೆಯನ್ನು ಕುರಿತು ನಮ್ಮ ನಾಡಿನಲ್ಲಿ ಹೇಳದವರಿಲ್ಲ, ಕೇಳದವರಿಲ್ಲ. ಆದರೆ ದಾನದ ಲೆಕ್ಕವನ್ನು ಹೇಗೆ ಇಡಬೇಕೆಂಬುದನ್ನು ಯೋಚಿಸುವವರು ವಿರಳ. ಒಂದು ಸಂಸ್ಥೆ ಒಂದು ವರ್ಷದಲ್ಲಿ ಇಷ್ಟು ಸಾವಿರ ರೂಪಾಯಿ ಹಂಚಿತು ಎಂದು ವರದಿ ಓದಿದೊಡನೆ ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಹಂಚಿದ ಹಣ ಮರುವರ್ಷ ಏನಾಯಿತು, ಪಡೆದವನು ಹತ್ತು ವರ್ಷಗಳ ಮೇಲೆ ಏನಾದನು ಎಂಬ ಪ್ರಶ್ನೆ ಆ ಚಪ್ಪಾಳೆಯ ಸದ್ದಿನಲ್ಲಿ ಅಡಗಿಹೋಗುತ್ತದೆ. ದಾನದ ನಿಜವಾದ ಇತಿಹಾಸವಾದರೋ ಈ ಎರಡನೆಯ ಪ್ರಶ್ನೆಯಲ್ಲಿಯೇ ಇದೆ. ಯಂತ್ರವಿದ್ಯೆಯನ್ನೂ ಸ್ಥಾಪತ್ಯವನ್ನೂ ಬಲ್ಲವರು ಮಾಡಿದ ಕೆಲವು ದಾನಗಳನ್ನು ಎತ್ತಿಕೊಂಡು ಇದನ್ನು ವಿಚಾರಿಸೋಣ. ಅವುಗಳಲ್ಲಿ ಹೆಚ್ಚಿನವು ನಮ್ಮ ಸೊಲ್ಲಾಪುರ ಸೀಮೆಗೆ ಯಾವುದೋ ಒಂದು ಎಳೆಯಿಂದ ಕೂಡಿಕೊಂಡಿವೆ.

ನಮ್ಮ ಪೂರ್ವಿಕರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕಲಬುರ್ಗಿ ಜಿಲ್ಲೆಯ ಚಿತ್ತಾಪುರದ ಬಳಿ ನಾಗಾವಿ ಎಂಬ ಹಳೆಯ ಅಗ್ರಹಾರವಿದೆ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಇ. ಸ. 1058ರಲ್ಲಿ, ದಂಡನಾಯಕ ಮಧುಸೂದನನು ಅಲ್ಲಿಯ ಘಟಿಕಾಸ್ಥಾನಕ್ಕೆ ದತ್ತಿ ಬಿಟ್ಟ ಸಂಗತಿ ಶಾಸನದಲ್ಲಿದೆ. ವೇದವನ್ನೋದುವ 200 ವಿದ್ಯಾರ್ಥಿಗಳು, ಶಾಸ್ತ್ರವನ್ನೋದುವ ಬೇರೆ ವಿದ್ಯಾರ್ಥಿಗಳು, ಅವರಿಗೆ ಉಪಾಧ್ಯಾಯರು, ಗ್ರಂಥಗಳನ್ನು ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗಳು—ಇಷ್ಟು ಜನರ ಯೋಗಕ್ಷೇಮಕ್ಕೆ ಏರ್ಪಾಡಾಗಿತ್ತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ದಾನಿಯು ಹೊನ್ನಿನ ಚೀಲ ಬಿಚ್ಚಿ ಎಲ್ಲರಿಗೂ ಹಂಚಿ ಹೋಗಲಿಲ್ಲ. ಭೂಮಿಯನ್ನು ಬಿಟ್ಟನು. ಭೂಮಿ ಅಳಿಯದೆ ಉಳಿಯಿತು. ವರ್ಷವರ್ಷದ ಬೆಳೆ ವಿದ್ಯೆಗೆ ಸಂದಿತು. ಮೂಲವನ್ನು ಮುಟ್ಟದೆ ಫಲವನ್ನು ಮಾತ್ರ ಬಳಸುವ ಈ ಕ್ರಮಕ್ಕೆ ಅಕ್ಷಯನಿಧಿ ಎಂಬ ಸೊಗಸಾದ ಹೆಸರು ನಮ್ಮಲ್ಲಿ ಹಿಂದಿನಿಂದಲೂ ಇದೆ.

ಅದಾದ ಸುಮಾರು ನೂರು ವರ್ಷಗಳ ಮೇಲೆ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮನು ಕೆರೆಯನ್ನು ತೋಡಿಸಿದನು. ಗುಡಿಗಳನ್ನು ಕಟ್ಟಿಸಿದನು, ಅರುವತ್ತೆಂಟು ಲಿಂಗಗಳನ್ನು ಸ್ಥಾಪಿಸಿದನೆಂಬುದು ಪರಂಪರೆ. ರಾಘವಾಂಕನು ಆತನ ಚರಿತೆಯನ್ನು ಕಾವ್ಯವಾಗಿಸಿದನು. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಕೋಲುಗಳನ್ನು ಕಂಡವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಪ್ರಕೃತಕ್ಕೆ ಬೇಕಾದುದು ಇಷ್ಟೆ: ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕೆರೆಯೇ ನೀರಿನ ಅಕ್ಷಯನಿಧಿ. ಸಾವಿರಾರು ಕೈಗಳ ದುಡಿಮೆಯನ್ನು ಒಂದೆಡೆ ಕೂಡಿಸಿ, ನೆಲದ ಇಳಿಜಾರನ್ನು ಅರಿತು, ಹರಿದುಹೋಗುವ ನೀರನ್ನು ತಡೆದು ನಿಲ್ಲಿಸುವುದು ಭಕ್ತಿಯ ಕೆಲಸವೂ ಹೌದು, ಸ್ಥಾಪತ್ಯದ ಕೆಲಸವೂ ಹೌದು. ಸಿದ್ಧರಾಮನಲ್ಲಿ ಇವೆರಡೂ ಒಂದಾಗಿದ್ದುವು.

ಇನ್ನು ಆಧುನಿಕ ಕಾಲಕ್ಕೆ ಬರೋಣ. ಎಂಜಿನಿಯರರೇ ಕೂಡಿ, ತಮ್ಮ ಸಂಘದ ಆಶ್ರಯದಲ್ಲಿ, ಒಂದು ದತ್ತಿಸಂಸ್ಥೆಯನ್ನು ನಡೆಸಿದ ಉದಾಹರಣೆ ಅಮೆರಿಕದಲ್ಲಿ ದೊರೆಯುತ್ತದೆ. ಅಂಬ್ರೋಸ್ ಸ್ವೇಜಿ ಎಂಬಾತನು 1846ರಲ್ಲಿ ಹುಟ್ಟಿ, ಕಾರಖಾನೆಯಲ್ಲಿ ಉಮೇದುವಾರನಾಗಿ ಕಸಬು ಕಲಿತು, ಮುಂದೆ ವಾರ್ನರ್ ಎಂಬ ಗೆಳೆಯನೊಡನೆ ಯಂತ್ರಗಳನ್ನು ತಯಾರಿಸುವ ಸಂಸ್ಥೆಯೊಂದನ್ನು ಕಟ್ಟಿದನು. ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯದಲ್ಲಿ 1888ರಲ್ಲಿ ನಿಂತ 36 ಅಂಗುಲದ ದೊಡ್ಡ ದೂರದರ್ಶಕಕ್ಕೆ ಆಧಾರಯಂತ್ರವನ್ನು ಮಾಡಿಕೊಟ್ಟವರು ಇವರೇ. ಈ ಸ್ವೇಜಿಯು 1914ರಲ್ಲಿ ಎರಡು ಲಕ್ಷ ಡಾಲರುಗಳನ್ನು ಎಂಜಿನಿಯರರ ಸಂಯುಕ್ತ ಸಂಘಕ್ಕೆ ಒಪ್ಪಿಸಿದನು. ಸಂಶೋಧನೆಗೂ, ವೃತ್ತಿಯ ಏಳಿಗೆಗೂ, ಮಾನವಕುಲದ ಹಿತಕ್ಕೂ ಅದು ವಿನಿಯೋಗವಾಗಬೇಕೆಂಬುದು ಅವನ ಇಚ್ಛೆ. ಮರುವರ್ಷ, 1915ರ ಜನವರಿಯಲ್ಲಿ, ನ್ಯೂಯಾರ್ಕಿನಲ್ಲಿ ‘ಎಂಜಿನಿಯರಿಂಗ್ ಫೌಂಡೇಶನ್’ ಎಂಬ ಸಂಸ್ಥೆಯ ಪ್ರಾರಂಭೋತ್ಸವ ಜರುಗಿತು.

ಈ ಸಂಸ್ಥೆಯ ಆರಂಭದ ದಿನಗಳ ಒಂದು ವರ್ಷ ನಮಗೆ ಪಾಠವಾಗುವಂತಿದೆ. ಮೊದಲನೆಯ ಮಹಾಯುದ್ಧದ ನಡುವೆ, 1916ರಲ್ಲಿ, ಅಮೆರಿಕದ ವಿಜ್ಞಾನಿಗಳು ರಾಷ್ಟ್ರೀಯ ಸಂಶೋಧನ ಮಂಡಲವೊಂದನ್ನು ಕಟ್ಟಲು ಹೊರಟರು. ಉತ್ಸಾಹವಿತ್ತು, ಹಣವಿರಲಿಲ್ಲ. ಆಗ ಎಂಜಿನಿಯರರ ದತ್ತಿಸಂಸ್ಥೆಯು ತನ್ನ ಒಂದು ವರ್ಷದ ವರಮಾನವನ್ನೂ ತನ್ನ ಕಾರ್ಯದರ್ಶಿಯ ಸೇವೆಯನ್ನೂ ಆ ಮಂಡಲಕ್ಕೆ ಬಿಟ್ಟುಕೊಟ್ಟಿತು. ವರಮಾನವನ್ನು ಹತ್ತು ಕಡೆ ಚೂರುಚೂರಾಗಿ ಹಂಚಿ ಹತ್ತು ಕಡೆಗಳಿಂದ ಹಾರ ಹಾಕಿಸಿಕೊಳ್ಳುವುದು ಅದಕ್ಕೆ ಸುಲಭವಾಗಿತ್ತು. ಹಾಗೆ ಮಾಡದೆ, ಇನ್ನೂ ಮೊಳಕೆಯಲ್ಲಿದ್ದ ಒಂದು ಕಾರ್ಯದ ಬುಡಕ್ಕೆ ನೀರೆಲ್ಲವನ್ನೂ ಹರಿಸಿತು. ಗಿಡ ಬದುಕಿ ಮರವಾಯಿತು. ಮೂಲಧನವೋ ಕರಗಲಿಲ್ಲ. ವರ್ಷದ ದಾನವೆಂದರೆ ಇಂಥದು.

ಅಮೆರಿಕದ ಮಾತು ದೂರದ ಮಾತೆಂದು ಯಾರಾದರೂ ಅನ್ನಬಹುದು. ಹಾಗಾದರೆ ದುಧನಿಯ ನಿಲ್ದಾಣದ ಮುಂದೆ ಹಾಯ್ದುಹೋಗುವ ರೇಲ್ವೆಯ ಹಳಿಯನ್ನೇ ಹಿಡಿದು ಹೊರಡೋಣ. ‘ಗ್ರೇಟ್ ಇಂಡಿಯನ್ ಪೆನಿನ್ಸುಲಾ’ ರೇಲ್ವೆಯ ಮೊದಲ ಗಾಡಿ ಮುಂಬಯಿಯಿಂದ ಠಾಣೆಗೆ ಓಡಿದ್ದು 1853ರಲ್ಲಿ. ಅದರ ದಾರಿ 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿತು. ಮುಂದೆ ನಮ್ಮ ಊರುಗಳ ಮೇಲೆ ಸಾಗಿ 1871ರಲ್ಲಿ ರಾಯಚೂರನ್ನು ತಲುಪಿತು. ಈ ರೇಲ್ವೆಯ ಮೊದಲ ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ. ಸಹ್ಯಾದ್ರಿಯ ಬೋರ್ ಘಾಟನ್ನು ಏರುವ ಮಾರ್ಗವನ್ನು ರೂಪಿಸಿದವನು ಇವನು. ಕೆಲಸ ಮುಗಿಯುವ ಮೊದಲೇ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಿ 1862ರಲ್ಲಿ ತೀರಿಕೊಂಡನು. ಘಾಟಿನ ದಾರಿ ತೆರೆದದ್ದು 1863ರಲ್ಲಿ. ಇವನ ನೆನಪಿಗಾಗಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದು ಮುಂಬಯಿಯಲ್ಲಿ ಒಂದು ಬಹುಮಾನವನ್ನು ಏರ್ಪಡಿಸಿದರು.

ಆ ಬಹುಮಾನ 1883ರಲ್ಲಿ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ಕನ್ನಡ ವಿದ್ಯಾರ್ಥಿಯ ಕೈಸೇರಿತು. ಆತನೇ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಪರರ ಮನೆಯ ಮಕ್ಕಳಿಗೆ ಪಾಠ ಹೇಳಿ ಓದಿದ ಹುಡುಗ. ಪುಣೆಗೆ ಹೋಗಿ ಓದಲು ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆಯದಿದ್ದರೆ, ಆತ ಎಂಜಿನಿಯರನಾಗುತ್ತಿದ್ದನೋ ಇಲ್ಲವೋ ಹೇಳುವಂತಿಲ್ಲ. ವಿದ್ಯಾರ್ಥಿವೇತನ ದಾರಿಯನ್ನು ತೆರೆಯಿತು. ಬಹುಮಾನ ಯೋಗ್ಯತೆಯನ್ನು ನಾಲ್ಕು ಜನರಿಗೆ ತೋರಿಸಿತು. ಮುಂದಿನ ವರ್ಷವೇ ಮುಂಬಯಿ ಇಲಾಖೆಯ ಲೋಕೋಪಯೋಗಿ ಖಾತೆಯಲ್ಲಿ ಕೆಲಸವಾಯಿತು. ಸಕ್ಕರಿನ ನೀರು ಸರಬರಾಯಿ, ಖಡಕವಾಸಲೆಯ ಸ್ವಯಂಚಾಲಿತ ಬಾಗಿಲುಗಳು, ಆಮೇಲೆ ಕಾವೇರಿಯ ಕಟ್ಟೆ, 1912ರಿಂದ 1918ರ ವರೆಗಿನ ದಿವಾನಗಿರಿ—ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿಗಳು.

ಅಷ್ಟಾಗಿ ಗೊತ್ತಿಲ್ಲದ ಸಂಗತಿಯೊಂದುಂಟು. ಭದ್ರಾವತಿಯ ಕಬ್ಬಿಣದ ಕಾರಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಕಬ್ಬಿಣದ ಬೆಲೆ ಇಳಿದುಹೋಗಿತ್ತು. ಕಾರಖಾನೆ ಹಾನಿಯಲ್ಲಿ ಮುಳುಗುವ ಹಾಗೆ ಕಂಡಿತು. ಆಗ ವಿಶ್ವೇಶ್ವರಯ್ಯನವರು ಅದರ ಮಂಡಲಿಯ ಅಧ್ಯಕ್ಷರಾಗಿ 1929ರ ವರೆಗೆ ದುಡಿದು ಅದನ್ನು ದಡ ಸೇರಿಸಿದರು. ಆ ಹೊಣೆಯ ಸಂಭಾವನೆಯಾಗಿ ತಮಗೆ ಸಲ್ಲಬೇಕಾಗಿದ್ದ, ಲಕ್ಷಕ್ಕೆ ಮೀರಿದ ಹಣವನ್ನು ಅವರು ಸ್ವಂತಕ್ಕೆ ತೆಗೆದುಕೊಳ್ಳಲಿಲ್ಲ. ಕೈಕಸಬನ್ನೂ ಯಂತ್ರದ ಕೆಲಸವನ್ನೂ ತರುಣರಿಗೆ ಕಲಿಸುವ ವಿದ್ಯಾಲಯಕ್ಕೆ ಅದು ಮೀಸಲಾಗಲೆಂದರು. ಹಾಗೆ 1943ರಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿದ ಸಂಸ್ಥೆಯೇ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ವಿದ್ಯಾಲಯ. ಮುಂದೆ ಅದೇ ಪಾಲಿಟೆಕ್ನಿಕ್ ಎಂದು ಪ್ರಸಿದ್ಧವಾಯಿತು. ಹಣ ಕೊಟ್ಟವರ ಹೆಸರು ಅದರ ಬಾಗಿಲ ಮೇಲೆ ಬರಲಿಲ್ಲ. ಮಹಾರಾಜರ ಹೆಸರು ಬಂದಿತು. ಪದವೀಧರ ಎಂಜಿನಿಯರರಿಗೆ ಬೆಂಗಳೂರಿನಲ್ಲಿ 1917ರಿಂದಲೇ ಕಾಲೇಜಿತ್ತು. ನಕ್ಷೆಯನ್ನು ಓದಬಲ್ಲ, ಯಂತ್ರವನ್ನು ಬಿಚ್ಚಿ ಕೂಡಿಸಬಲ್ಲ ನಡುವಣ ದರ್ಜೆಯ ಕೆಲಸಗಾರರ ಕೊರತೆಯನ್ನು ಕಾರಖಾನೆ ನಡೆಸಿದವರು ಮಾತ್ರ ಬಲ್ಲರು. ತಾವು ಕಣ್ಣಾರೆ ಕಂಡ ಕೊರತೆಗೆ, ಅದೇ ಕೆಲಸದಿಂದ ಬಂದ ಹಣವನ್ನು ಸುರಿದದ್ದೇ ಈ ದಾನದ ವೈಶಿಷ್ಟ್ಯ.

ನಮ್ಮ ಸೊಲ್ಲಾಪುರದಲ್ಲಿಯೂ ಇಂಥ ಮತ್ತೊಂದು ಜೀವನವಿದೆ. ವಾಲಚಂದ ಹಿರಾಚಂದರು 1882ರಲ್ಲಿ ಸೊಲ್ಲಾಪುರದ ಜೈನ ವ್ಯಾಪಾರಿ ಮನೆತನದಲ್ಲಿ ಹುಟ್ಟಿದರು. ಮನೆಯ ವ್ಯವಹಾರವನ್ನು ಬಿಟ್ಟು ರೇಲ್ವೆಯ ಗುತ್ತಿಗೆ ಹಿಡಿದರು. ಬಾರ್ಸಿ ಲೈಟ್ ರೇಲ್ವೆಯ ಸಣ್ಣ ತುಂಡೊಂದರಿಂದ ತೊಡಗಿ, ಬರ್ಕ್ಲಿ ದಾರಿ ಮಾಡಿದ ಅದೇ ಬೋರ್ ಘಾಟಿನಲ್ಲಿ ಹೊಸ ಸುರಂಗಗಳನ್ನು ಕೊರೆಯುವವರೆಗೆ ಬೆಳೆದರು. ಮುಂದೆ ಹಡಗು, ವಿಮಾನ, ಮೋಟಾರು—ಮೂರಕ್ಕೂ ಕೈಹಾಕಿದರು. ಭಾರತದಲ್ಲಿ ಮೋಟಾರು ಕಾರಖಾನೆ ಆಗಬೇಕೆಂದು ವಿಶ್ವೇಶ್ವರಯ್ಯನವರು ಯೋಜನೆ ಹಾಕಿದಾಗ ಅವರೊಡನೆ ನಿಂತ ಉದ್ಯಮಿ ಇವರೇ. ಬೆಂಗಳೂರಿನಲ್ಲಿ ಆ ಯೋಜನೆ ಕೈಗೂಡಲಿಲ್ಲ. ಆದರೆ ಮೈಸೂರು ಸರಕಾರದ ನೆರವಿನಿಂದ 1940ರಲ್ಲಿ ಅದೇ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯನ್ನು ವಾಲಚಂದರು ತೆರೆದರು. ಅವರು ತೀರಿಕೊಂಡದ್ದು 1953ರಲ್ಲಿ.

ಸಾಂಗಲಿಯಲ್ಲಿ 1947ರಲ್ಲಿ ಹೊಸ ಎಂಜಿನಿಯರಿಂಗ್ ಕಾಲೇಜೊಂದು ಹುಟ್ಟಿತ್ತು. ವಾಲಚಂದರ ಮನೆತನದ ಉದಾರವಾದ ದೇಣಿಗೆಯಿಂದ ಅದು ಬಲಗೊಂಡು 1955ರಲ್ಲಿ ವಾಲಚಂದ ಕಾಲೇಜೆಂಬ ಹೆಸರನ್ನು ತಳೆಯಿತು. ವಿಶ್ವೇಶ್ವರಯ್ಯನವರಿಗೆ ಭಾರತರತ್ನ ದೊರೆತುದೂ ಆ ವರ್ಷವೇ. ಮುಂದೆ 1983ರಲ್ಲಿ ಸೊಲ್ಲಾಪುರದಲ್ಲಿಯೂ ವಾಲಚಂದರ ಹೆಸರಿನ ತಂತ್ರವಿದ್ಯಾಲಯವಾಯಿತು. ಅದನ್ನು ಸ್ಥಾಪಿಸಿದ ಸಂಸ್ಥೆಯ ಹೆಸರು ಐಲಕ ಪನ್ನಾಲಾಲ ದಿಗಂಬರ ಜೈನ ಪಾಠಶಾಲೆ. ಪಾಠಶಾಲೆಯ ಹೆಸರು ಹೊತ್ತ ಸಂಸ್ಥೆ ಎಂಜಿನಿಯರರನ್ನು ತಯಾರಿಸುವ ಮಟ್ಟಕ್ಕೆ ಬೆಳೆದ ಬಗೆಯನ್ನು ನಮ್ಮ ಕನ್ನಡ ಶಾಲೆಗಳವರು ಮನಸ್ಸಿಗೆ ತಂದುಕೊಳ್ಳಬೇಕು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಒಬ್ಬರ ದಾನದಲ್ಲಿ ಕೊಟ್ಟವರ ಹೆಸರಿಲ್ಲ, ಇನ್ನೊಬ್ಬರ ದಾನದಲ್ಲಿ ಮನೆತನದ ಹೆಸರಿದೆ. ಯಾವುದು ಮೇಲು? ಈ ಪ್ರಶ್ನೆಯನ್ನು ಸೊನ್ನಲಿಗೆಯಲ್ಲಿಯೇ ಅಲ್ಲಮಪ್ರಭು ಎತ್ತಿದ್ದನೆಂದು ಶೂನ್ಯಸಂಪಾದನೆಯಿಂದ ತಿಳಿಯುತ್ತದೆ. ಕೆರೆಯನ್ನು ತೋಡಿಸುವವನಿಗೆ ‘ನಾನು ಮಾಡಿದೆ’ ಎಂಬ ಭಾವ ಅಂಟಿಕೊಂಡರೆ ಆ ಕೆರೆಯೇ ಬಂಧನವಾಗುತ್ತದೆ ಎಂಬುದು ಅಲ್ಲಮನ ಎಚ್ಚರಿಕೆಯ ಹುರುಳು. ಮಾತು ದಾನಿಯ ಆತ್ಮಕ್ಕೆ ಸಂಬಂಧಿಸಿದ್ದು, ನಿಜವಾದ ಮಾತು. ಆದರೆ ನೀರು ಸೇದುವವಳ ಕಡೆಯಿಂದ ನೋಡಿದರೆ ಪ್ರಶ್ನೆಯೇ ಬೇರೆ. ಕೆರೆ ಒಡೆದಿಲ್ಲವಷ್ಟೆ? ಹೂಳು ತುಂಬಿಲ್ಲವಷ್ಟೆ? ನೀರು ಎಲ್ಲರಿಗೂ ಸಿಕ್ಕುತ್ತಿದೆಯಷ್ಟೆ? ಹೆಸರನ್ನು ಕೊರೆಯಿಸಿದ ದಾನಿಯನ್ನು ಕ್ಷಮಿಸಬಹುದು. ಕೆರೆಯನ್ನು ಕಟ್ಟಿಸಿ ಕಾಯುವವರಿಲ್ಲದೆ ಬಿಟ್ಟುಹೋದ ದಾನಿಯನ್ನು ಊರು ಕ್ಷಮಿಸದು.

ಇನ್ನೊಂದು ಸಂದೇಹ ಇದಕ್ಕಿಂತ ಗಟ್ಟಿಯಾದದ್ದು. ಲಕ್ಷಗಳು ಉಳ್ಳವರ ಮಾತು ಗಡಿಯ ಸಣ್ಣ ಶಾಲೆಗೇಕೆ? ಇದಕ್ಕೆ ಉತ್ತರ ಲೆಕ್ಕದಲ್ಲಿಯೇ ಇದೆ. ಹತ್ತು ಸಾವಿರ ರೂಪಾಯಿ ಕೂಡಿದೆ ಎಂದುಕೊಳ್ಳೋಣ. ಒಂದೇ ವರ್ಷದಲ್ಲಿ ಹಂಚಿದರೆ ನೂರು ಮಕ್ಕಳಿಗೆ ನೂರು ನೂರು ರೂಪಾಯಿ ಬಂದೀತು. ಮರುವರ್ಷ ಪೆಟ್ಟಿಗೆ ಬರಿದು. ನೂರಕ್ಕೆ ಐದರ ಬಡ್ಡಿಯಲ್ಲಿ ಇರಿಸಿದರೆ ವರ್ಷಕ್ಕೆ ಐದು ನೂರು ರೂಪಾಯಿ ಬರುತ್ತದೆ. ಮೊತ್ತ ಅಲ್ಪ, ಆದರೆ ಒಬ್ಬ ಹುಡುಗನಿಗೆ ಒಂದು ಅಳತೆಪೆಟ್ಟಿಗೆ, ಗಣಿತದ ಒಂದೆರಡು ಪುಸ್ತಕ, ತಾಂತ್ರಿಕ ಶಾಲೆಯ ಪ್ರವೇಶದ ಅರ್ಜಿಯ ಖರ್ಚು ಅದರಿಂದ ಸಾಗೀತು. ಮುಂದಿನ ವರ್ಷ ಮತ್ತೊಬ್ಬನಿಗೆ. ಬೆಲೆಗಳು ಏರುತ್ತಿರುವುದರಿಂದ ಮೂಲಧನಕ್ಕೆ ವರ್ಷವರ್ಷ ಸ್ವಲ್ಪ ಕೂಡಿಸುತ್ತಲೂ ಇರಬೇಕು. ಅದನ್ನು ಕೂಡಿಸಬೇಕಾದವರು ಯಾರು? ಮೊದಲು ಪಡೆದವರೇ. ಇಲ್ಲಿಯೇ ದಾನದ ಪರೀಕ್ಷೆ ನಡೆಯುವುದು.

ಬರ್ಕ್ಲಿಯ ನೆನಪಿನ ಬಹುಮಾನ ಚಿಕ್ಕದು. ಅದನ್ನು ಪಡೆದ ವಿದ್ಯಾರ್ಥಿ ಅರುವತ್ತು ವರ್ಷಗಳ ಮೇಲೆ ಕೊಟ್ಟದ್ದು ದೊಡ್ಡದು. ಉಮೇದುವಾರನಾಗಿ ಕಸಬು ಕಲಿತ ಸ್ವೇಜಿ ತನ್ನ ವೃತ್ತಿಯವರಿಗೆಲ್ಲ ನಿಧಿಯನ್ನು ಕಟ್ಟಿದನು. ಪಡೆದವನು ಪಡೆದೇ ಉಳಿದರೆ ಅದು ಬರಿಯ ಭಿಕ್ಷೆ. ಪಡೆದವನು ಕೊಡಬಲ್ಲವನಾಗಿ, ಕೊಟ್ಟಾಗಲೇ ದಾನದ ಚಕ್ರ ಒಂದು ಸುತ್ತು ತಿರುಗಿದಂತೆ.

ಕನ್ನಡ ಶಾಲೆಯಲ್ಲಿ ಓದಿದವನಿಗೆ ಯಂತ್ರವಿದ್ಯೆ ಎಟುಕದೆಂಬ ಅಂಜಿಕೆ ಗಡಿಯ ಮನೆಗಳಲ್ಲಿ ಇರುವುದುಂಟು. ಅಂಜಿಕೆಗೆ ಮದ್ದು ಭಾಷಣವಲ್ಲ. ದಾರಿ ತೋರಿಸುವ ಒಬ್ಬ ಗುರು ಮತ್ತು ದಾರಿಖರ್ಚಿನ ಒಂದು ಸಣ್ಣ ನಿಧಿ. ಗುರುಗಳು ಪ್ರತಿವರ್ಷ ಒಬ್ಬನನ್ನಾದರೂ ಗುರುತಿಸಲಿ. ವಿದ್ಯಾರ್ಥಿಯು ತಾನು ಪಡೆದುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ, ಋಣವೆಂದು ಕುಗ್ಗುವುದಕ್ಕಲ್ಲ, ಮುಂದೊಂದು ದಿನ ತಾನು ಯಾರಿಗೆ ಕೊಡಬೇಕೆಂಬುದನ್ನು ಮರೆಯದಿರುವುದಕ್ಕೆ. ಸೊನ್ನಲಿಗೆಯ ಕೆರೆಯ ಮಣ್ಣನ್ನು ಒಬ್ಬನೇ ಹೊತ್ತು ಹಾಕಲಿಲ್ಲ. ಬುಟ್ಟಿ ಬುಟ್ಟಿಯಾಗಿ ಎಲ್ಲರೂ ಹೊತ್ತರು. ನಮ್ಮ ಪಾಲಿಗೆ ಬಂದ ಬುಟ್ಟಿ ಎಷ್ಟೇ ಚಿಕ್ಕದಾಗಿರಲಿ, ಅದನ್ನು ಕಟ್ಟೆಯ ಮೇಲೆಯೇ ಸುರಿಯೋಣ.