ನಿಯಾನ್ ಟೆಟ್ರಾ

ಮನೆಯ ಅಕ್ವೇರಿಯಂಗಳಲ್ಲಿ ಸಾಕುವ ಸಿಹಿನೀರಿನ ಪುಟ್ಟ ಮೀನು. ತವರು ಮೇಲಿನ ಅಮೆಜಾನಿನ ಕಾಡುತೊರೆಗಳು. ಉದ್ದ ಸುಮಾರು 3 ಸೆಂ.ಮೀ. ಕಣ್ಣಿನಿಂದ ಹೊರಟ ನೀಲಿ ಪಟ್ಟೆ ಬೆನ್ನಿನತ್ತ ಸಾಗಿದರೆ, ಅದರ ಕೆಳಗೆ ಮೈಯ ನಡುವಿನಿಂದ ಬಾಲದವರೆಗೆ ಕೆಂಪು ಹರಡಿರುತ್ತದೆ. ಈ ನೀಲಿ ಬಣ್ಣದ್ರವ್ಯದ್ದಲ್ಲ. ಚರ್ಮದ ಕೋಶಗಳಲ್ಲಿರುವ ಗ್ವಾನೀನ್ ಹರಳುಗಳು ಬೆಳಕನ್ನು ಪ್ರತಿಫಲಿಸಿ ಹುಟ್ಟಿಸುವಂಥದ್ದು. ಕತ್ತಲಲ್ಲಿ ಮಂಕಾಗುತ್ತದೆ. ಬೆಳಗ್ಗೆ ದೀಪ ಹಾಕಿ ನೋಡಿದ ಹೊಸಬರು ಮೀನಿಗೆ ಕಾಯಿಲೆ ಬಂತೆಂದು ಗಾಬರಿಪಡುವುದುಂಟು. ಸ್ವಲ್ಪ ಹೊತ್ತಿಗೆ ಪಟ್ಟೆ ಮತ್ತೆ ಹೊಳೆಯುತ್ತದೆ.

1930ರ ದಶಕದ ನಡುವೆ ಫ್ರೆಂಚ್ ಸಂಗ್ರಾಹಕ ಆಗಸ್ಟ್ ರಾಬೊ ಈ ಮೀನನ್ನು ಅಮೆಜಾನ್ ಸೀಮೆಯಿಂದ ಯುರೋಪಿಗೆ ಕಳಿಸಿದ. ಅಲ್ಲಿಂದ ಕೆಲವು ಮೀನುಗಳು ಹಿಂಡನ್‌ಬರ್ಗ್ ವಾಯುನೌಕೆಯಲ್ಲಿ ಅಟ್ಲಾಂಟಿಕ್ ದಾಟಿ ಅಮೆರಿಕ ಸೇರಿದವು. ಮರುವರ್ಷವೇ, 1937ರಲ್ಲಿ, ಆ ನೌಕೆ ಸುಟ್ಟುಹೋಯಿತು. 1936ರಲ್ಲಿ ಮೀನುತಜ್ಞ ಜಾರ್ಜ್ ಮೈಯರ್ಸ್ ಇದಕ್ಕೆ ‘ಇನ್ನೆಸಿ’ ಎಂಬ ಜಾತಿನಾಮ ಕೊಟ್ಟ. ಫಿಲಡೆಲ್ಫಿಯಾದಲ್ಲಿ ಅಕ್ವೇರಿಯಂ ಪತ್ರಿಕೆ ನಡೆಸುತ್ತಿದ್ದ ವಿಲಿಯಂ ಇನ್ನೆಸ್‌ಗೆ ಸಂದ ಗೌರವ ಅದು.

ಇಪ್ಪತ್ತು ವರ್ಷಗಳ ಬಳಿಕ ಇದರ ಸೋದರ ಸಂಬಂಧಿ, ಕೆಂಪು ಇನ್ನೂ ಉದ್ದಕ್ಕೆ ಹರಡಿದ ಕಾರ್ಡಿನಲ್ ಟೆಟ್ರಾ, ಹೆಸರಿನ ಜಗಳವನ್ನೇ ಹುಟ್ಟುಹಾಕಿತು. 1956ರ ಫೆಬ್ರವರಿ 20ರಂದು ಮೀನುತಜ್ಞ ಲಿಯೊನಾರ್ಡ್ ಶುಲ್ಟ್ಜ್ ಅದನ್ನು ‘ಆಕ್ಸೆಲ್‌ರೋಡಿ’ ಎಂದು ಕರೆದ. ಮಾರನೆಯ ದಿನವೇ ಮೈಯರ್ಸ್ ಮತ್ತು ವೈಟ್ಸ್‌ಮನ್ ‘ಕಾರ್ಡಿನಾಲಿಸ್’ ಎಂಬ ಹೆಸರು ಪ್ರಕಟಿಸಿದರು. ಒಂದು ದಿನದ ಅಂತರದಲ್ಲಿ ಗೆದ್ದದ್ದು ಮೊದಲಿನದು. ಶುಲ್ಟ್ಜ್ ಆ ಹೆಸರು ಕೊಟ್ಟ ಲೇಖನ ಅಚ್ಚಾದದ್ದು ಹರ್ಬರ್ಟ್ ಆಕ್ಸೆಲ್‌ರಾಡ್‌ನದೇ ಪತ್ರಿಕೆಯಲ್ಲಿ! ಹೀಗೆ ಎರಡು ಕಾಡುಮೀನುಗಳಿಗೂ ಪತ್ರಿಕೆಯ ಒಡೆಯರ ಹೆಸರೇ ಅಂಟಿತು. ಹಿಡಿದವರ ಹೆಸರು ಎಲ್ಲಿಯೂ ಇಲ್ಲ.

ಕಾರ್ಡಿನಲ್ ಹಿಡಿಯುವವರು ಬ್ರೆಜಿಲ್‌ನ ರಿಯೊ ನೆಗ್ರೊ ದಂಡೆಯ ಬಾರ್ಸೆಲೋಸ್ ಸುತ್ತಮುತ್ತಲಿನ ಜನ. ಮೀನಿಗೆ ಅವರು ಹೇಳುವುದು ‘ಪಿಯಾಬ’. ನೆರೆ ಹೊಕ್ಕ ಕಾಡಿನೊಳಗೆ ಪುಟ್ಟ ದೋಣಿಯಲ್ಲಿ ಹೋಗಿ ಕೈಬಲೆಯಿಂದ ಕಾರ್ಡಿನಲ್‌ಗಳನ್ನು ಎತ್ತುತ್ತಾರೆ. ಹಿಡಿಯದೆ ಬಿಟ್ಟರೂ ನೀರು ಇಳಿದಾಗ ಇವುಗಳಲ್ಲಿ ಬಹುಪಾಲು ಸಾಯುವಂಥವೇ. ಈ ಕಸುಬು ಉಳಿದರೆ ಕಾಡೂ ಉಳಿದೀತೆಂಬ ವಾದದೊಂದಿಗೆ 1989ರಲ್ಲಿ ‘ಪ್ರಾಜೆಕ್ಟ್ ಪಿಯಾಬ’ ಶುರುವಾಯಿತು. ಕಾಡಿನಿಂದ ತಂದದ್ದೆಲ್ಲ ಅನ್ಯಾಯವೆಂಬ ಮಾತು ಇಲ್ಲಿಗೆ ಹೊಂದುವುದಿಲ್ಲ.

ನಿಯಾನ್‌ನ ಕಥೆ ಬೇರೆ. ಇಂದು ಅಂಗಡಿಗೆ ಬರುವ ನಿಯಾನ್‌ಗಳು ಹೆಚ್ಚಾಗಿ ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವು. ಗಡಸು ನೀರನ್ನು ತಕ್ಕಮಟ್ಟಿಗೆ ತಡೆದುಕೊಂಡರೂ ಮೊಟ್ಟೆಯೊಡೆದು ಮರಿಯಾಗಲು ಮೆದುವಾದ, ತುಸು ಹುಳಿಯಾದ ನೀರೇ ಬೇಕು. ಮೊಟ್ಟೆಗೆ ಬೆಳಕೂ ಆಗದು. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಮರಿ ಮಾಡಿಸುವುದು ಕಷ್ಟ. ಹವ್ಯಾಸಿಗಳು ಕಾಡುಬಾದಾಮಿಯ ಒಣಗಿದ ಎಲೆ ಹಾಕಿ ನೀರನ್ನು ತೆಳು ಡಿಕಾಕ್ಷನ್ ಬಣ್ಣಕ್ಕೆ ತರುತ್ತಾರೆ.

ಹಿಂಡಿನಲ್ಲಿ ಬದುಕುವ ಮೀನಾದ್ದರಿಂದ ಆರಕ್ಕಿಂತ ಕಡಿಮೆ ತರಬಾರದು. ಒಂಟಿಯಾದದ್ದು ಗಿಡದ ಹಿಂದೆಯೇ ಅವಿತಿರುತ್ತದೆ.