ಬೇರೆ ಇಟ್ಟ ತಟ್ಟೆ

ತಟ್ಟೆ ಲೋಟ ಬೇರೆ ಇಡುವುದು ನಮ್ಮ ಮನೆಗಳಿಗೆ ಹೊಸದಲ್ಲ. ಕ್ಷಯ ಬಂದವರಿಗೆ ಇಟ್ಟೆವು, ಮುಟ್ಟಾದವರಿಗೆ ಇಟ್ಟೆವು, ಜಾತಿಯ ಹೆಸರಿನಲ್ಲಿ ಜಗಲಿಯ ಮೇಲೆ ತೆಂಗಿನ ಚಿಪ್ಪನ್ನೂ ಇಟ್ಟೆವು. ಹಾಗಾಗಿ ಏಡ್ಸ್ ಎಂಬ ಹೆಸರು ಕೇಳಿಬಂದಾಗ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಇದು ನಮ್ಮವರ ಗುಣ ಮಾತ್ರ ಎನ್ನುವಂತಿಲ್ಲ. ಅಮೆರಿಕದ ಕೊಕೊಮೊ ಊರಿನ ಬಾಲಕ ರಯಾನ್ ವೈಟ್‌ನಿಗೆ ಹಿಮೋಫಿಲಿಯಾ ಇತ್ತು. ರಕ್ತ ಹೆಪ್ಪುಗಟ್ಟಲೆಂದು ಕೊಟ್ಟ ಔಷಧಿಯಿಂದಲೇ ಎಚ್‌ಐವಿ ತಗುಲಿತು. 1985ರಲ್ಲಿ ಶಾಲೆ ಅವನನ್ನು ಬರಬೇಡ ಎಂದಿತು. ಹೋರಾಡಿ ಮರಳಿದ ಮೇಲೂ ಅವನಿಗೆ ಉಂಡು ಬಿಸಾಡುವ ತಟ್ಟೆ, ಚಮಚ. ಹೋಟೆಲುಗಳಲ್ಲಿ ತಾನುಂಡ ತಟ್ಟೆಯನ್ನು ಎಸೆಯುತ್ತಿದ್ದರೆಂದು 1988ರಲ್ಲಿ ಅಧ್ಯಕ್ಷರ ಆಯೋಗದೆದುರು ಅವನೇ ಹೇಳಿದ. 1990ರಲ್ಲಿ, 18ರ ಹರೆಯದಲ್ಲಿ ತೀರಿಕೊಂಡ.

ಊಟದ ತಟ್ಟೆಗೆ ಹೆದರಬೇಕಿಲ್ಲ ಎಂಬುದು ಅಷ್ಟರಲ್ಲಿ ತಿಳಿದುಹೋಗಿತ್ತು. ನ್ಯೂಯಾರ್ಕಿನ ವೈದ್ಯರು 39 ರೋಗಿಗಳ ಮನೆಗಳಲ್ಲಿ ಜೊತೆಗೆ ಬಾಳಿದ 101 ಮಂದಿಯನ್ನು ಪರೀಕ್ಷಿಸಿ 1986ರಲ್ಲಿ ವರದಿ ಪ್ರಕಟಿಸಿದರು. ದಾಂಪತ್ಯ ಸಂಬಂಧದವರನ್ನು ಇದರಲ್ಲಿ ಸೇರಿಸಿರಲಿಲ್ಲ. ಒಂದೇ ತಟ್ಟೆ, ಒಂದೇ ಲೋಟ, ಒಂದೇ ಟವೆಲು, ಒಂದೇ ಬಚ್ಚಲು ಬಳಸಿದವರು ಇವರು. ಸೋಂಕು ಕಂಡದ್ದು ಐದು ವರ್ಷದ ಒಂದು ಮಗುವಿಗೆ ಮಾತ್ರ. ಅದೂ ಹುಟ್ಟುವ ಹೊತ್ತಿಗೆ ತಾಯಿಯಿಂದ ಬಂದಿರಬೇಕೆಂದು ವೈದ್ಯರ ತೀರ್ಮಾನ. ರಕ್ತ, ಲೈಂಗಿಕ ಸಂಪರ್ಕ, ಬಸಿರು, ಹೆರಿಗೆ, ಎದೆಹಾಲು: ವೈರಸ್ಸಿನ ದಾರಿ ಇವು. ಎಂಜಲು ಅದರ ದಾರಿಯಲ್ಲ.

ಆ 101ರ ಅಂಕಿ ಓದುವಾಗ ನನಗೆ ಕಾಣುವುದು ಅಡಿಗೆಮನೆ. ಎಂಜಲು ತಟ್ಟೆ ತೊಳೆದ, ಜ್ವರದ ಮೈ ಒರೆಸಿದ ಕೈಗಳು ಅಲ್ಲಿಯೂ ಹೆಚ್ಚಾಗಿ ಹೆಂಗಸರವೇ ಇರಬೇಕು.

ಅದೇ 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಭಾರತದಲ್ಲಿ ಮೊದಲ ಬಾರಿಗೆ ಸೋಂಕನ್ನು ಪತ್ತೆ ಮಾಡಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದರ ಭಯ ನಮ್ಮ ಕಡೆಯ ಮನೆಗಳ ಒಳಗೂ ಬಂತು. ಬಂಧುಗಳ ಪೈಕಿ ಒಬ್ಬಳ ಗಂಡ 1997ರಲ್ಲಿ ತೀರಿಹೋದ. ತವರಿಗೆ ಬಂದವಳ ತಟ್ಟೆ ಹಿತ್ತಲಿಗೆ ಹೋಯಿತು. ಸಾರಿನ ಸೌಟು ಮುಟ್ಟುವಂತಿಲ್ಲ, ಸ್ವಂತ ಮಗುವಿಗೂ ಕೈತುತ್ತು ಹಾಕುವಂತಿಲ್ಲ. ಅವಳ ರಕ್ತಪರೀಕ್ಷೆಯನ್ನು ಯಾರೂ ಮಾಡಿಸಿಯೇ ಇರಲಿಲ್ಲ ಎಂಬುದು ಬೇರೆ ಮಾತು. “ನೀರು ಕೊಡು ಅಂದ್ರೂ ಎತ್ತಿ ಹೊಯ್ತಾರೆ, ಅಕ್ಕಾ” ಎಂದು ನನ್ನೊಡನೆ ಹೇಳಿದಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ.

ಇಂಥ ಹೆಣ್ಣುಮಕ್ಕಳನ್ನು ಕೂಡಿ ಬಾಳುವ ಮನೆಯಿಂದಾಗಲಿ, ಅದರ ಯಾವುದೇ ಭಾಗದಿಂದಾಗಲಿ ಹೊರಗಿಡಬಾರದೆಂದು 2017ರ ಕಾಯ್ದೆ ಹೇಳುತ್ತದೆ. ಅಡಿಗೆಮನೆಯೂ ಅದರಲ್ಲಿ ಸೇರಿತು. ಆದರೆ ಒಂದು ತಟ್ಟೆಗಾಗಿ ತವರಿನವರ ಮೇಲೆ ಕೋರ್ಟಿಗೆ ಹೋದ ಹೆಣ್ಣುಮಗಳನ್ನು ನಾನಂತೂ ಇನ್ನೂ ಕಂಡಿಲ್ಲ.