ಒಂದು ಮಡಕೆಯ ಪೂರ್ವೋತ್ತರ

ವೈದ್ಯರ ಬಾಯಲ್ಲಿ ಮಂದಾಗ್ನಿ ಎಂಬುದು ವ್ಯಾಧಿಯ ಹೆಸರು. ಅಡುಗೆಯವರ ಬಾಯಲ್ಲಿ ಅದೇ ಮಾತು ಗುಣವಾಚಕವಾದರೆ ಆಶ್ಚರ್ಯಪಡಬೇಕಾದುದಿಲ್ಲ. ಯುರೋಪು ಖಂಡದ ವಾಯವ್ಯದಲ್ಲಿ, ಉತ್ತರ ಸಮುದ್ರದ ತಗ್ಗುದಡಕ್ಕೆ ಹೊಂದಿಕೊಂಡು, ಈಗ ಬಹುಮಟ್ಟಿಗೆ ಬೆಲ್ಜಿಯಂ ದೇಶಕ್ಕೆ ಸೇರಿರುವ ಫ್ಲಾಂಡರ್ಸ್ ಎಂಬ ಸೀಮೆಯಲ್ಲಿ, ಗಡುಸಾದ ದನದ ಮಾಂಸವನ್ನು ಈರುಳ್ಳಿಯೊಡನೆ ಕಂದುಬಣ್ಣದ ಬಿಯರಿನಲ್ಲಿ ಮುಳುಗಿಸಿ, ಮುಚ್ಚಳವಿಟ್ಟು, ಎರಡು ಮೂರು ಗಂಟೆಗಳ ಕಾಲ ಸಣ್ಣ ಉರಿಯ ಮೇಲೆ ಅವಸರವಿಲ್ಲದೆ ಬೇಯಿಸುವ ಅಡುಗೆಯೊಂದುಂಟು. ಡಚ್ ಮಾತನಾಡುವ ಅಲ್ಲಿಯ ಜನ ಅದನ್ನು ಸ್ಟೋಫ್‌ಫ್ಲೇಸ್ ಎನ್ನುತ್ತಾರೆ; ಫ್ರೆಂಚ್ ನುಡಿಯವರು ಕಾರ್ಬೊನಾಡ್ ಫ್ಲಾಮಾಂಡ್ ಎನ್ನುತ್ತಾರೆ. ಆ ಮಡಕೆಯ ಪೂರ್ವೋತ್ತರವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ನಮ್ಮ ವಾಚಕರಲ್ಲಿ ಅನೇಕರಿಗೆ ಗೋಮಾಂಸವೂ ಮದ್ಯವೂ ವರ್ಜ್ಯವೆಂಬುದನ್ನು ನಾನು ಬಲ್ಲೆ; ಅವುಗಳಲ್ಲೊಂದು ನಿತ್ಯದ ಆಹಾರವಾಗಿರುವ ಮನೆಗಳೂ ನಮ್ಮ ನಾಡಿನಲ್ಲಿಯೇ ಇವೆಯೆಂಬುದನ್ನೂ ಬಲ್ಲೆ. ಆಹಾರದ ಚರಿತ್ರೆಯನ್ನು ಬರೆಯಹೊರಟವನು ತನ್ನ ಎಲೆಯ ಮೇಲಿನ ರುಚಿಯನ್ನು ಕ್ಷಣಕಾಲ ಬದಿಗಿರಿಸಿ ಇನ್ನೊಬ್ಬರ ಒಲೆಯ ಮುಂದೆ ಕುಳಿತು ನೋಡಬೇಕಾದುದು ಆ ಕಸಬಿನ ಮೊದಲ ಧರ್ಮ.

ಹೆಸರಿನಿಂದಲೇ ಪ್ರಾರಂಭಿಸೋಣ. ಲ್ಯಾಟಿನ್ ಭಾಷೆಯಲ್ಲಿ ಕಾರ್ಬೊ ಎಂದರೆ ಇದ್ದಿಲು. ಕಾರ್ಬೊನಾಡ್ ಎಂಬ ಶಬ್ದ ಮೊದಲಿಗೆ ಸೂಚಿಸುತ್ತಿದ್ದುದು ಕೆಂಡದ ಮೇಲೆ ಸುಟ್ಟ ಮಾಂಸವನ್ನು. ಕಾಲಾಂತರದಲ್ಲಿ ಕೆಂಡ ಬಿಟ್ಟುಹೋಗಿ, ಮಾಂಸ ಮಡಕೆಗೆ ಇಳಿದು, ಹೆಸರು ಮಾತ್ರ ಹಳೆಯದಾಗಿಯೇ ಉಳಿಯಿತು. ಇಟಲಿಯ ಆಲ್ಪ್ಸ್ ತಪ್ಪಲಿನ ಆಓಸ್ತಾ ಕಣಿವೆಯಲ್ಲಿ ಇದೇ ಹೆಸರಿನ ಅಡುಗೆಗೆ ಬಿಯರಿನ ಬದಲು ದ್ರಾಕ್ಷಾರಸವನ್ನು ಹೊಯ್ಯುತ್ತಾರೆ. ಡಚ್ ಹೆಸರಾದರೋ ಇನ್ನೂ ನೇರವಾದುದು: ಸ್ಟೋಫ್ ಎಂಬುದು ಸಣ್ಣ ಉರಿಯಲ್ಲಿ ಬೇಯಿಸುವುದನ್ನು ಹೇಳುತ್ತದೆ, ಫ್ಲೇಸ್ ಎಂದರೆ ಮಾಂಸ. ಒಲೆಯ ಮೇಲೆ ಬಹಳ ಹೊತ್ತು ಕುಳಿತದ್ದು ಎಂಬುದೇ ಅದರ ತಾತ್ಪರ್ಯ.

ದ್ರಾಕ್ಷಿಯ ಬಳ್ಳಿ ಎಲ್ಲಿಯವರೆಗೆ ಸುಖವಾಗಿ ಹಬ್ಬುತ್ತದೆಯೋ ಅಲ್ಲಿಯವರೆಗೆ ದ್ರಾಕ್ಷಾರಸದ ಅಡುಗೆ, ಅದರ ಉತ್ತರಕ್ಕೆ ಬಾರ್ಲಿಯ ಬಿಯರಿನ ಅಡುಗೆ — ಇದು ಸ್ಥೂಲವಾಗಿ ಯುರೋಪಿನ ಪಾಕಶಾಲೆಯ ಭೂಗೋಳ. 1384ರಿಂದ ಸುಮಾರು ಒಂದು ಶತಮಾನದ ಕಾಲ ಫ್ಲಾಂಡರ್ಸನ್ನು ಆಳಿದವರು ಬರ್ಗಂಡಿಯ ಡ್ಯೂಕರು. ದನದ ಮಾಂಸವನ್ನು ಕೆಂಪು ದ್ರಾಕ್ಷಾರಸದಲ್ಲಿ ಬೇಯಿಸುವುದಕ್ಕೆ ಇಂದು ಜಗತ್ಪ್ರಸಿದ್ಧವಾಗಿರುವ ಸೀಮೆಯೂ ಅದೇ ಬರ್ಗಂಡಿ. ಒಬ್ಬನೇ ದೊರೆಯ ಛತ್ರದ ಕೆಳಗಿದ್ದ ಎರಡು ಸೀಮೆಗಳು ಒಂದೇ ಮಾಂಸಕ್ಕೆ ಎರಡು ಬೇರೆ ರಸಗಳನ್ನು ಹೊಯ್ದುವೆಂದಮೇಲೆ, ರಾಜಾಜ್ಞೆಗಿಂತ ಮಳೆ ಬಿಸಿಲುಗಳ ಆಜ್ಞೆಯೇ ಅಡುಗೆಮನೆಯಲ್ಲಿ ಹೆಚ್ಚು ನಡೆಯುತ್ತದೆಂದು ಒಪ್ಪಬೇಕಾಗುತ್ತದೆ.

ಮಾಂಸದ ಮಾತಿಗೆ ಬರೋಣ. ಗೆಂಟ್ ನಗರದಲ್ಲಿ, ನದಿಯ ದಂಡೆಯ ಮೇಲೆ, 1407ರಿಂದ 1419ರವರೆಗೆ ಕಟ್ಟಿದ ಗ್ರೋಟ್ ಫ್ಲೇಸ್‌ಹೌಸ್ ಎಂಬ ದೊಡ್ಡ ಮಾಂಸದ ಮಂಟಪವು ಇಂದಿಗೂ ನಿಂತಿದೆ. ಅದರ ಎತ್ತರವಾದ ಮರದ ತೊಲೆಗಳಿಂದ ಹಂದಿಯ ತೊಡೆಗಳು ಒಣಗಲು ತೂಗಾಡುವುದನ್ನು ಇತ್ತೀಚಿನವರೆಗೂ ಕಾಣಬಹುದಾಗಿದ್ದಿತು. ಮಧ್ಯಯುಗದಲ್ಲಿ ಮಾಂಸದ ವಿಕ್ರಯವೆಲ್ಲ ಅಧಿಕಾರಿಗಳ ಕಣ್ಣೆದುರಿಗೆ ಇಂತಹ ಮಂಟಪಗಳಲ್ಲಿ ನಡೆಯತಕ್ಕದ್ದೆಂಬ ಕಟ್ಟಳೆಯಿದ್ದಿತು. ಕಟುಕರ ಸಂಘದ ಸದಸ್ಯತ್ವವಾದರೋ ಕೆಲವೇ ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಇಳಿದುಬರುತ್ತಿದ್ದಿತು. ಆ ಮಂಟಪದ ಗೋಡೆಗೆ ಆತುಕೊಂಡು, ದೊಡ್ಡ ಮರದ ಬುಡದಲ್ಲಿ ಅಣಬೆಗಳು ಎದ್ದಂತೆ, ಪೆನ್ಸ್‌ಹೌಸ್ಯೆ ಎಂಬ ಪುಟ್ಟ ಪುಟ್ಟ ಗೂಡುಗಳಿವೆ. ಕರುಳು, ಜಠರ ಮುಂತಾದ ಕೀಳೆಂದು ಎಣಿಸಿದ ಭಾಗಗಳು ಬಡವರ ಪಾಲಿಗೆ ದೊರೆಯುತ್ತಿದ್ದುದು ಅಲ್ಲಿ. ಒಳಗಿನ ಮೃದುಮಾಂಸಕ್ಕೂ ಹೊರಗಿನ ಗೂಡಿಗೂ ನಡುವೆ ಇನ್ನೊಂದು ದರ್ಜೆಯ ಮಾಂಸವುಂಟು: ಹೆಗಲಿನದು, ಕತ್ತಿನದು, ಕೆನ್ನೆಯದು, ಹೊರೆ ಹೊತ್ತ, ನೊಗಕ್ಕೆ ಕತ್ತು ಕೊಟ್ಟ, ದಿನವಿಡೀ ಮೇವನ್ನು ಮೆಲುಕು ಹಾಕಿದ ಭಾಗಗಳ ಗಡುಸು ಮಾಂಸ. ಇದನ್ನು ಕೆಂಡದ ಮೇಲೆ ಸುಟ್ಟರೆ ಚರ್ಮದ ಪಟ್ಟಿಯಾದೀತು. ಕುದಿಯುವ ನೀರಿನ ಬಿಸಿಗಿಂತ ಕೊಂಚ ಕಡಿಮೆಯ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ, ನಾರುಗಳನ್ನು ಬಿಗಿದು ಕಟ್ಟಿದ್ದ ಅಂಟುಪದಾರ್ಥ ಮೆಲ್ಲಗೆ ಕರಗಿ ರಸವನ್ನು ಸೇರುತ್ತದೆ. ದುಡಿದ ದನದ ಮಾಂಸವನ್ನು ದುಡಿಯುವ ಮನುಷ್ಯನ ಬಾಯಿಗೆ ಹದಗೊಳಿಸುವ ಉಪಾಯ ಇದಾಗಿದ್ದಿತು.

ಇನ್ನು ಬಿಯರ್. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುವ ನಮ್ಮ ಗೃಹಿಣಿಯರಿಗೆ ಅದರ ಮೊದಲ ಅರ್ಧವನ್ನು ವಿವರಿಸಬೇಕಾದುದಿಲ್ಲ. ಬಾರ್ಲಿಗೆ ಮಾಡುವ ಸಂಸ್ಕಾರವೂ ಅದೇ. ಮೊಳಕೆಯ ಕಾಳಿನ ಸಿಹಿಗಂಜಿಯನ್ನು ಸೋಸಿ, ಕುದಿಸಿ, ಹುಳಿಸಿದರೆ ಬಿಯರು. ಆದರೆ ಬರಿಯ ಸಿಹಿ ಬೇಗ ಕೆಡುವುದಾದುದರಿಂದಲೂ, ನಾಲಗೆಗೆ ಜಡವಾದುದರಿಂದಲೂ, ಅದಕ್ಕೆ ಯಾವುದಾದರೊಂದು ಕಹಿಮೂಲಿಕೆಯನ್ನು ಕೂಡಿಸಬೇಕಾಗಿದ್ದಿತು. ಹಾಪ್ಸ್ ಬಳ್ಳಿಯ ಹೂ ಬಳಕೆಗೆ ಬರುವುದಕ್ಕೆ ಮುಂಚೆ ಫ್ಲಾಂಡರ್ಸಿನಲ್ಲಿ ಹಾಕುತ್ತಿದ್ದುದು ಗ್ರೂಟ್ ಎಂಬ ಸಂಬಾರ. ಜೌಗುನೆಲದಲ್ಲಿ ಬೆಳೆಯುವ ಒಂದು ಸುಗಂಧದ ಪೊದೆಯ ಎಲೆ ಅದರಲ್ಲಿ ಮುಖ್ಯವಾದುದು. ಬಿಯರು ಕಾಯಿಸುವವನು ಅದನ್ನು ಹಕ್ಕುದಾರನಿಂದಲೇ ಕೊಳ್ಳಬೇಕೆಂಬುದು ಕಾನೂನು. ಆದಕಾರಣ ಗ್ರೂಟ್ ಎಂಬುದು ಮೂಲಿಕೆಯ ರೂಪದಲ್ಲಿದ್ದ ತೆರಿಗೆಯೇ ಆಗಿದ್ದಿತು. ಬ್ರೂಜ್ ನಗರದಲ್ಲಿ ಆ ಹಕ್ಕನ್ನು ಪಡೆದಿದ್ದ ಮನೆತನಕ್ಕೆ ಗ್ರೂಟ್‌ಹೂಸೆ ಎಂಬುದೇ ಹೆಸರಾಯಿತು. ಅವರ ಸೌಧವು ಇಂದು ವಸ್ತುಸಂಗ್ರಹಾಲಯ. 1470ರಲ್ಲಿ ಸಿಂಹಾಸನವನ್ನು ಕಳೆದುಕೊಂಡು ಓಡಿಬಂದ ಇಂಗ್ಲೆಂಡಿನ ದೊರೆ ನಾಲ್ಕನೆಯ ಎಡ್ವರ್ಡನಿಗೆ ಆಶ್ರಯ ಕೊಟ್ಟವನು ಆ ಮನೆಯ ಯಜಮಾನ ಲೋಡ್‌ವೈಕ್. ಎಡ್ವರ್ಡನು ಮತ್ತೆ ಪಟ್ಟವೇರಿ 1472ರಲ್ಲಿ ಅವನನ್ನು ವಿಂಚೆಸ್ಟರಿನ ಅರ್ಲ್ ಪದವಿಗೆ ಏರಿಸಿದನು. ಬಡವನ ಬಿಯರಿನ ಮೇಲಿನ ಸುಂಕದಿಂದ ಮೇಲೆದ್ದ ಮನೆ ಒಬ್ಬ ರಾಜನಿಗೆ ನೆರಳಾಯಿತೆಂಬುದು ಇತಿಹಾಸದ ವಿನೋದಗಳಲ್ಲೊಂದು.

ಹಾಪ್ಸಿನ ಹೂವಿಗೆ ಪಾನೀಯವನ್ನು ಕೆಡದಂತೆ ಕಾಯುವ ಶಕ್ತಿಯಿದೆಯೆಂದು ಹನ್ನೆರಡನೆಯ ಶತಮಾನದಲ್ಲಿಯೇ ಜರ್ಮನಿಯ ಮಠಾಧ್ಯಕ್ಷೆ ಬಿಂಗೆನ್ನಿನ ಹಿಲ್ಡೆಗಾರ್ಡ್ ಬರೆದಿಟ್ಟಿದ್ದಳು. ಹಾಂಬುರ್ಗ್ ಮೊದಲಾದ ಉತ್ತರದ ರೇವುಗಳಿಂದ ಹಾಪ್ಸ್ ಹಾಕಿದ ಬಿಯರು ಹಡಗಿನಲ್ಲಿ ಬಂದು ಫ್ಲಾಂಡರ್ಸಿನ ಪೇಟೆಗಳಲ್ಲಿ ಇಳಿದಮೇಲೆ, ಗ್ರೂಟಿನ ಆಳ್ವಿಕೆ ಕ್ರಮೇಣ ಸಡಿಲವಾಯಿತು. ಪೋಪರಿಂಗೆ ಎಂಬ ಊರಿನ ಸುತ್ತ ಹಾಪ್ಸ್ ತೋಟಗಳೆದ್ದುವು. ಆದರೆ ಅಡುಗೆಮನೆಯಲ್ಲಿ ಇದರಿಂದ ಹೊಸ ತೊಡಕೊಂದು ಹುಟ್ಟಿತು. ಹಾಪ್ಸಿನ ಕಹಿ ಕಾಯಿಸಿದಷ್ಟೂ ಹೋಗುವುದಿಲ್ಲ. ನೀರು ಆವಿಯಾದಂತೆ ಅದು ಗಾಢವಾಗುತ್ತದೆ. ಕಹಿಯನ್ನು ಓಡಿಸಲಾಗದಿದ್ದರೆ ಅದಕ್ಕೆ ಜೊತೆಗಾರರನ್ನು ಒದಗಿಸಬೇಕೆಂಬ ನೀತಿಯನ್ನು ನಮ್ಮವರು ಹಾಗಲಕಾಯಿಯ ಗೊಜ್ಜಿನಲ್ಲಿ ಸಾಧಿಸಿದ್ದಾರೆ: ಹುಣಿಸೆಯ ಹುಳಿ, ಬೆಲ್ಲದ ಸಿಹಿ, ನಡುವೆ ಗೌರವದಿಂದ ಕುಳಿತ ಕಹಿ. ಫ್ಲಾಂಡರ್ಸಿನವರು ಕಂಡುಕೊಂಡ ಸೂತ್ರವೂ ಇದೇ. ಅವರ ಕಂದು ಬಿಯರು ತಾನೇ ಅರ್ಧ ಗೊಜ್ಜು. ಔಡೆನಾರ್ಡೆ ಎಂಬ ಊರಿನ ಕಂದು ಬಿಯರಿನಲ್ಲಿ ಕಹಿ ಅಲ್ಪ, ಹುರಿದ ಕಾಳಿನ ಸಿಹಿ ಅಧಿಕ, ಹಿಂದಿನಿಂದ ಸಣ್ಣ ಹುಳಿ. ರೂಸೆಲಾರೆ ಎಂಬ ಊರಿನಲ್ಲಿ 1821ರಲ್ಲಿ ಪ್ರಾರಂಭವಾದ ರೋಡೆನ್‌ಬಾಖ್ ಮನೆತನದ ಕಾರ್ಖಾನೆಯಲ್ಲಿ, ಆಳೆತ್ತರವನ್ನು ಮೀರಿದ ಓಕ್ ಮರದ ಪೀಪಾಯಿಗಳಲ್ಲಿ ಎರಡು ವರ್ಷದವರೆಗೂ ಹಣ್ಣಾಗಿ ಹುಳಿಯೇರಿದ ಹಳೆಯ ಬಿಯರನ್ನು ಹೊಸದರೊಡನೆ ಬೆರೆಸುವ ಪದ್ಧತಿಯಿದೆ. ಕಪ್ಪುಬಣ್ಣಕ್ಕೆ ಇನ್ನೊಂದು ದಾರಿಯನ್ನು ತೋರಿಸಿದವನು ಇಂಗ್ಲೆಂಡಿನ ಡೇನಿಯಲ್ ವೀಲರ್. ಕಾಫಿಬೀಜವನ್ನು ಹುರಿಯುವಂತೆ ತಿರುಗುವ ಉರುಳೆಯಲ್ಲಿ ಬಾರ್ಲಿಯ ಮೊಳಕೆಕಾಳನ್ನು ಕರ್ರಗೆ ಹುರಿಯುವ ವಿಧಾನಕ್ಕೆ ಅವನು 1817ರಲ್ಲಿ ಸನ್ನದು ಪಡೆದನು. ಐರ್ಲೆಂಡಿನವರು ತಮ್ಮ ಮಾಂಸದ ಮಡಕೆಗೆ ಹೊಯ್ಯುವ ಸ್ಟೌಟ್ ಎಂಬ ಕರಿಯ ಬಿಯರಿಗೆ ಆ ಹುರಿದ ಕಾಳಿನ ಕಹಿಯೇ ಪ್ರಾಣ. ಫ್ಲಾಂಡರ್ಸಿನ ರುಚಿ ಆ ಕಡೆಗೆ ಹೊರಳಲಿಲ್ಲ.

ಮಡಕೆಯನ್ನು ಸಮೀಪದಿಂದ ನೋಡೋಣ. ಮಾಂಸದ ತುಂಡುಗಳನ್ನು ಬೆಣ್ಣೆಯಲ್ಲಿ ಎಲ್ಲ ಮಗ್ಗುಲೂ ಕಂದುವಂತೆ ಹುರಿದು ತೆಗೆಯುತ್ತಾರೆ. ಅದೇ ಜಿಡ್ಡಿನಲ್ಲಿ ಈರುಳ್ಳಿ ಮೆತ್ತಗಾಗಿ ಹೊಂಬಣ್ಣಕ್ಕೆ ಬರುತ್ತದೆ. ಬಿಯರನ್ನು ಹೊಯ್ದಾಗ ನೊರೆ ಉಕ್ಕಿ ಇಳಿಯುತ್ತದೆ. ತಳದಲ್ಲಿ ಹತ್ತಿದ್ದನ್ನು ಮರದ ಸೌಟಿನಿಂದ ಕೆರೆದು ರಸಕ್ಕೆ ಸೇರಿಸುತ್ತಾರೆ. ಥೈಮ್ ಕಡ್ಡಿ, ಲಾರೆಲ್ ಎಲೆ, ಕಂದು ಸಕ್ಕರೆ, ಕೊನೆಗೆ ಒಂದು ಚಮಚ ವಿನಿಗರು. ಇಷ್ಟು ಯಾರಾದರೂ ಮಾಡಿಯಾರು. ಫ್ಲಾಂಡರ್ಸಿನ ಕೈ ಕಾಣುವುದು ಮುಂದಿನ ಕೆಲಸದಲ್ಲಿ. ಹಳತಾದ ಬ್ರೆಡ್ಡಿನ ಒಂದು ದಪ್ಪ ಹೋಳಿಗೆ ಅರೆದ ಸಾಸಿವೆಯನ್ನು ಧಾರಾಳವಾಗಿ ಸವರಿ, ಸವರಿದ ಮುಖ ಕೆಳಗಾಗುವಂತೆ ರಸದ ಮೇಲೆ ಮಲಗಿಸಿ ಮುಚ್ಚಳ ಹಾಕುತ್ತಾರೆ. ಗಂಟೆ ಕಳೆದು ತೆರೆದು ನೋಡಿದರೆ ಬ್ರೆಡ್ಡು ಹೆಸರಿಲ್ಲದಂತೆ ಕರಗಿ, ನೀರಾಗಿದ್ದ ರಸ ಸೌಟಿನ ಬೆನ್ನಿಗೆ ಅಂಟುವಷ್ಟು ಮಂದವಾಗಿರುತ್ತದೆ. ಗೆಂಟಿನ ಮಾಂಸಮಂಟಪದ ಹತ್ತಿರವೇ ಇರುವ ಟೀರೆಂಟೇನ್ ಹೆಸರಿನ ಹಳೆಯ ಅಂಗಡಿಯಲ್ಲಿ ಈಗಲೂ ಮರದ ಪೀಪಾಯಿಯಿಂದ ತೆಗೆದು ಜಾಡಿಗೆ ತುಂಬಿಕೊಡುವ ಸಾಸಿವೆ ಇದಕ್ಕೆ ಪ್ರಶಸ್ತವೆಂದು ಹೇಳುತ್ತಾರೆ.

ಈ ಬ್ರೆಡ್ಡಿನ ಹೋಳನ್ನು ಚರಿತ್ರಕಾರನು ಶಾಸನದಂತೆ ಓದಬೇಕು. ಮಧ್ಯಯುಗದ ಯುರೋಪಿನಲ್ಲಿ ರಸಗಳನ್ನು ಮಂದಗೊಳಿಸುತ್ತಿದ್ದುದು ಬ್ರೆಡ್ಡಿನಿಂದ. ಸಿಹಿ, ಹುಳಿ, ಸಂಬಾರಗಳನ್ನು ಮಾಂಸದೊಡನೆ ಕೂಡಿಸುವುದು ಅಂದಿನ ಶ್ರೀಮಂತರ ಅಭಿರುಚಿ. ಹದಿನೇಳನೆಯ ಶತಮಾನದಲ್ಲಿ ಫ್ರೆಂಚರ ಪಾಕಶಾಸ್ತ್ರ ಮಗ್ಗುಲು ಬದಲಿಸಿತು: 1651ರಲ್ಲಿ ಅಚ್ಚಾದ, ಲಾ ವರೇನ್ ಎಂಬ ಪಾಚಕನ ಗ್ರಂಥದಲ್ಲಿ ಹಿಟ್ಟನ್ನು ಕೊಬ್ಬಿನಲ್ಲಿ ಹುರಿದು ರಸಕ್ಕೆ ಕೂಡಿಸುವ ಕ್ರಮ ಕಾಣಿಸಿಕೊಂಡಿತು, ಸಿಹಿಯನ್ನು ಊಟದ ಕೊನೆಗೆ ತಳ್ಳುವ ಪದ್ಧತಿ ಬೇರೂರಿತು, ಸಂಬಾರಗಳು ಹಿಂದೆ ಸರಿದುವು. ಅರಮನೆಯಲ್ಲಿ ಬಿಟ್ಟುಹೋದ ಆ ಹಳೆಯ ರುಚಿಯೇ ಫ್ಲಾಂಡರ್ಸಿನ ಜನಸಾಮಾನ್ಯರ ಮಡಕೆಯಲ್ಲಿ ಉಳಿದುಬಂದಿದೆ. ಕೆಲವು ಮನೆಗಳಲ್ಲಿ ಬ್ರೆಡ್ಡಿನ ಬದಲು ಪೆಪರ್‌ಕೂಕ್ ಎಂಬ ಸಂಬಾರದ ರೊಟ್ಟಿಯನ್ನು ಹಾಕುತ್ತಾರೆ. ಹೆಸರಿನಲ್ಲಿರುವ ಮೆಣಸು ಅಲ್ಲಿ ಸಂಬಾರಗಳಿಗೆಲ್ಲ ಸಾಮಾನ್ಯನಾಮ. ಆದರೆ ಅದು ಎಲ್ಲಿಂದ ಬಂತೆಂದು ಕೇಳಿದರೆ ನಮ್ಮ ಪಡುವಣ ಕರಾವಳಿಯ ನೆನಪಾಗಲೇಬೇಕು. 1501ರಿಂದ ಪೋರ್ಚುಗೀಸರು ಭಾರತದ ಕರಿಮೆಣಸನ್ನು ಲಿಸ್ಬನ್ನಿನ ಮೂಲಕ ಆಂಟ್‌ವರ್ಪ್ ರೇವಿಗೆ ತಂದು ಉತ್ತರ ಯುರೋಪಿಗೆಲ್ಲ ಮಾರತೊಡಗಿದರು. ಅದೇ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿಯೆಂದೇ ಕರೆದರು.

ಮಡಕೆಯ ಸುತ್ತಣ ಲೋಕವಾದರೋ ನಿಂತಲ್ಲಿ ನಿಲ್ಲಲಿಲ್ಲ. 1795ರಲ್ಲಿ ಫ್ರೆಂಚ್ ಗಣರಾಜ್ಯವು ಆ ಸೀಮೆಯನ್ನು ತನ್ನೊಳಗೆ ಸೇರಿಸಿಕೊಂಡು ಕಸಬುದಾರರ ಸಂಘಗಳನ್ನು ರದ್ದುಮಾಡಿತು. ಕಟುಕರ ವಂಶಪಾರಂಪರ್ಯದ ಹಕ್ಕು ಅಲ್ಲಿಗೆ ಮುಗಿಯಿತು. ಹದಿನೆಂಟನೆಯ ಶತಮಾನದಲ್ಲಿ ಬಡವರ ಮುಖ್ಯಾಹಾರವಾಗಿ ಬೇರೂರಿದ್ದ ಆಲೂಗಡ್ಡೆಗೆ 1845ರಲ್ಲಿ ಅಂಗಮಾರಿ ಬಡಿದಾಗ ಫ್ಲಾಂಡರ್ಸ್ ಹಸಿವಿನಿಂದ ನರಳಿತು. ಆದರೂ ಅದೇ ಆಲೂಗಡ್ಡೆ ಕೊಬ್ಬಿನಲ್ಲಿ ಕರಿದ ಕಡ್ಡಿಗಳ ರೂಪದಲ್ಲಿ ಈ ಮಾಂಸಕ್ಕೆ ಬಿಡದ ಸಂಗಾತಿಯಾಯಿತು. 1903ರಲ್ಲಿ ಪ್ರಕಟವಾದ ಎಸ್ಕಾಫಿಯೆಯ ಪಾಕಗ್ರಂಥ ಈ ಅಡುಗೆಗೆ ಫ್ರೆಂಚ್ ಪಂಕ್ತಿಯಲ್ಲಿ ಸ್ಥಾನ ಕೊಟ್ಟಿತು. ಬ್ರೆಡ್ಡಿನ ಜಾಗದಲ್ಲಿ ಹುರಿದ ಹಿಟ್ಟನ್ನು ಕೂರಿಸಿದ ಆ ಮಹಾಪಾಚಕನೂ ಸಕ್ಕರೆಯನ್ನು ಕೈಬಿಡಲಿಲ್ಲ, ಹಳೆಯ ಲ್ಯಾಂಬಿಕ್ ಎಂಬ ಹುಳಿಬಿಯರನ್ನೇ ಬಯಸಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಲ್ಜಿಯಂನಲ್ಲಿದ್ದ ಬಿಯರಿನ ಕಾರ್ಖಾನೆಗಳು ಮೂರು ಸಾವಿರಕ್ಕೂ ಹೆಚ್ಚು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯವು ಅವುಗಳ ತಾಮ್ರದ ಹಂಡೆಗಳನ್ನು ಕಿತ್ತುಕೊಂಡು ಹೋಯಿತು. ಅನೇಕ ಒಲೆಗಳು ಮತ್ತೆ ಹೊತ್ತಲಿಲ್ಲ. 1919ರ ಶಾಸನವು ಪಾನಗೃಹಗಳಲ್ಲಿ ತೀಕ್ಷ್ಣಮದ್ಯದ ಮಾರಾಟವನ್ನು ನಿಷೇಧಿಸಿದಾಗ, ಕಸುವುಳ್ಳ ಬಿಯರುಗಳಿಗೆ ಗಿರಾಕಿ ಹೆಚ್ಚಿತು. ಮಡಕೆಗೆ ಒದಗುವ ಗಾಢವಾದ ಕಂದು ಬಿಯರುಗಳು ಹಾಗೆಯೂ ಬದುಕಿಕೊಂಡುವು.

ಗ್ರೂಟಿನ ಸುಂಕ ಹೋಯಿತು, ಕಟುಕರ ಸಂಘ ಹೋಯಿತು, ಡ್ಯೂಕರು ಹೋದರು. ಅವರೆಲ್ಲರ ಕಾಲದ ಬ್ರೆಡ್ಡಿನ ಮಂದ, ಬಿಯರಿನ ಹುಳಿ, ಸಾಸಿವೆಯ ಘಾಟು, ಮಾಂಸಕ್ಕೆ ಬೆರೆಸಿದ ಸಿಹಿ ಒಂದೇ ರಸದಲ್ಲಿ ಕೂಡಿ ಕುಳಿತಿವೆ. ಮಾಂಸ ಈ ಅಡುಗೆಗೆ ನಿಮಿತ್ತಮಾತ್ರ, ರಸವೇ ಅದರ ಸಾರಸರ್ವಸ್ವವೆಂಬುದು ನನ್ನ ತೀರ್ಮಾನ. ಫ್ಲಾಂಡರ್ಸಿನ ಜನ ಇದನ್ನು ಯಾವ ಚರ್ಚೆಯೂ ಇಲ್ಲದೆ ಒಪ್ಪಿಕೊಂಡಂತಿದೆ: ಅಲ್ಲಿಯ ಬೀದಿಬದಿಯ ಕರಿದ ಆಲೂಗಡ್ಡೆಯ ಅಂಗಡಿಗೆ ಹೋದರೆ, ಮಾಂಸದ ತುಂಡು ಬೇಡವೆಂದವನಿಗೆ ಸ್ಟೋಫ್‌ಫ್ಲೇಸಿನ ರಸವನ್ನಷ್ಟೇ ಮೇಲೆ ಹೊಯ್ದು ಮಾರುತ್ತಾರೆ.